ಹಚ್ಚೆಯ ನೋವು: ಯಾವ ಜಾಗದಲ್ಲಿ ಎಷ್ಟು, ಮಲೆನಾಡಿನವರು ಯಾವಾಗ ಹಾಕಿಸಿಕೊಳ್ಳಬೇಕು

ಹಚ್ಚೆ ಹಾಕಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಚಿತ್ರವನ್ನು ಆರಿಸಿ, ಆಮೇಲೆ ಮೈಮೇಲಿನ ಜಾಗವನ್ನು ಯೋಚಿಸುತ್ತಾರೆ. ಮೊದಲು ಜಾಗವನ್ನು ನಿರ್ಧರಿಸುವುದೇ ಜಾಣತನ, ಏಕೆಂದರೆ ನೋವನ್ನು ನಿರ್ಧರಿಸುವುದು ಬಹುಮಟ್ಟಿಗೆ ಜಾಗವೇ. ಅಲ್ಲದೆ ನೋವೆಂದರೆ ಸೂಜಿ ಆಡುವ ಹೊತ್ತಿನದು ಮಾತ್ರವಲ್ಲ. ಆಮೇಲೆ ಗಾಯ ಮಾಯುವವರೆಗೆ ಎರಡು ಮೂರು ವಾರ ಆ ಜಾಗವನ್ನು ನೀರು, ಕೆಸರು, ಬಟ್ಟೆಯ ಉಜ್ಜಾಟಗಳಿಂದ ಕಾಯ್ದುಕೊಳ್ಳಬೇಕಾಗುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರಗಳ ಕಡೆಯವರಿಗೆ ಈ ಎರಡನೆಯ ಭಾಗವೇ ಹೆಚ್ಚು ಕಷ್ಟದ್ದು.

ಯಂತ್ರದ ಸೂಜಿ ಹೊರಚರ್ಮವನ್ನು ದಾಟಿ, ಸುಮಾರು ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿರುವ ಒಳಚರ್ಮಕ್ಕೆ ಬಣ್ಣವನ್ನು ಇಳಿಸುತ್ತದೆ. ಹೊರಚರ್ಮ ಸದಾ ಉದುರಿ ಹೊಸದಾಗುವುದರಿಂದ ಅಲ್ಲಿ ಬಣ್ಣ ನಿಲ್ಲುವುದಿಲ್ಲ; ಒಳಚರ್ಮದಲ್ಲಿ ನಿಲ್ಲುತ್ತದೆ, ಆದರೆ ನೋವನ್ನು ತಿಳಿಸುವ ನರಗಳ ತುದಿಗಳೂ ಅಲ್ಲಿ ಹೇರಳವಾಗಿರುತ್ತವೆ. ಆದ್ದರಿಂದ ಚರ್ಮ ಎಷ್ಟು ತೆಳು, ಚರ್ಮಕ್ಕೂ ಮೂಳೆಗೂ ನಡುವೆ ಮಾಂಸ ಮತ್ತು ಕೊಬ್ಬು ಎಷ್ಟಿದೆ, ನರಗಳು ಎಷ್ಟು ದಟ್ಟವಾಗಿವೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಯಾವ ಜಾಗದ ನೋವನ್ನಾದರೂ ಅಂದಾಜು ಮಾಡಬಹುದು.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭವಾದವು ರಟ್ಟೆಯ ಹೊರಭಾಗ, ಭುಜ, ಮುಂಗೈಯ ಹೊರಮೈ, ತೊಡೆಯ ಹೊರಭಾಗ ಮತ್ತು ಮೀನಖಂಡ. ಮೊದಲ ಬಾರಿ ಹಾಕಿಸಿಕೊಳ್ಳುವವರು ಇವುಗಳಲ್ಲೊಂದನ್ನು ಆರಿಸುವುದು ಒಳ್ಳೆಯದು. ಕೊರಮರ ಹೆಂಗಸರು ಮನೆಮನೆಗೆ ಬಂದು ಹಚ್ಚೆ ಹಾಕುತ್ತಿದ್ದ ಕಾಲದ ಅಜ್ಜಿಯರ ಮುಂಗೈಗಳಲ್ಲಿ ಇಂದಿಗೂ ಹಸಿರು ಗೆರೆಗಳು ಕಾಣುತ್ತವೆ. ಕೈಯಿಂದಲೇ ಚುಚ್ಚುತ್ತಿದ್ದ ದಿನಗಳಲ್ಲಿ ಮುಂಗೈ ತಾಳಿಕೊಳ್ಳಬಲ್ಲ ಜಾಗವೂ ಆಗಿತ್ತು. ಮುಂಗೈಯ ಒಳಮೈ ಮತ್ತು ಬೆನ್ನಿನ ಮೇಲ್ಭಾಗ ಇವಕ್ಕಿಂತ ತುಸು ಹೆಚ್ಚು ನೋಯುತ್ತವೆ, ಆದರೆ ಹಲ್ಲು ಕಚ್ಚಿ ಕೂರಬೇಕಾದಷ್ಟಲ್ಲ. ಸೇನೆಗೆ ಸೇರುವ ಆಸೆಯುಳ್ಳ ಹುಡುಗರು ಒಂದು ಸಂಗತಿಯನ್ನು ನೆನಪಿಡಬೇಕು: ಸೇನಾ ಭರ್ತಿಯ ನಿಯಮಗಳು ಸಾಮಾನ್ಯವಾಗಿ ಶಾಶ್ವತ ಹಚ್ಚೆಯನ್ನು ಮುಂಗೈಯ ಒಳಮೈಯಲ್ಲಿ ಮತ್ತು ಹಸ್ತದ ಹಿಂಬದಿಯಲ್ಲಿ ಮಾತ್ರ ಒಪ್ಪುತ್ತವೆ.

ಕಠಿಣ ಜಾಗಗಳಲ್ಲಿ ಎರಡು ಬಗೆಯಿವೆ. ಮೂಳೆಗೆ ಚರ್ಮ ಅಂಟಿಕೊಂಡಂತಿರುವ ಪಕ್ಕೆಲುಬು, ಎದೆಮೂಳೆ, ಬೆನ್ನುಮೂಳೆ, ಮುಂಗಾಲಿನ ಮೂಳೆ, ಹರಡು (ಪಾದದ ಗಿಣ್ಣು) ಮತ್ತು ಪಾದದ ಮೇಲ್ಭಾಗಗಳು ಮೊದಲನೆಯ ಬಗೆಗೆ ಸೇರುತ್ತವೆ. ಇಲ್ಲಿ ಚುಚ್ಚುವ ನೋವಿನ ಜೊತೆಗೆ ಯಂತ್ರದ ಅದುರುವಿಕೆ ಮೂಳೆಯೊಳಗೇ ಹೋದಂತಾಗುತ್ತದೆ. ಪಕ್ಕೆಲುಬಿನಲ್ಲಂತೂ ಪ್ರತಿ ಉಸಿರಿಗೂ ಚರ್ಮ ಏರಿಳಿಯುವುದರಿಂದ ಉಸಿರನ್ನು ನಿಧಾನವಾಗಿ ಎಳೆದು ಬಿಡುವುದನ್ನು ಮೊದಲೇ ರೂಢಿ ಮಾಡಿಕೊಂಡಿರಬೇಕು. ಎರಡನೆಯ ಬಗೆಯಲ್ಲಿ ಕಂಕುಳು, ಮೊಣಕೈಯ ಒಳಮಡಿಕೆ, ಮೊಣಕಾಲಿನ ಹಿಂಬದಿ, ತೊಡೆಸಂದುಗಳಿವೆ. ಮೂಳೆಯ ತೊಂದರೆ ಇಲ್ಲಿ ಕಡಿಮೆಯಾದರೂ ಚರ್ಮ ತೀರ ತೆಳು, ನರಗಳು ಹತ್ತಿರ. ನನ್ನ ಮಟ್ಟಿಗೆ ಮೊದಲ ಹಚ್ಚೆಗೆ ಕಂಕುಳನ್ನು ಯಾರಿಗೂ ಸೂಚಿಸಲಾರೆ.

ಬೆರಳು ಮತ್ತು ಅಂಗೈಗಳದ್ದು ಬೇರೆಯೇ ಕಥೆ. ಅಂಗೈಯ ಚರ್ಮ ದಪ್ಪವಾಗಿದ್ದರೂ ಸ್ಪರ್ಶದ ನರಗಳು ಅಲ್ಲಿ ದಟ್ಟವಾಗಿರುವುದರಿಂದ ನೋವು ತೀವ್ರ. ಜೊತೆಗೆ ಅಲ್ಲಿನ ಚರ್ಮ ಬೇಗ ಸವೆಯುವುದರಿಂದ ಬಣ್ಣವೂ ಬೇಗ ಮಾಸುತ್ತದೆ. ಅಡಿಕೆ ಸುಲಿಯುವ ಕೈಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ: ಚೊಗರು (ಅಡಿಕೆಯ ರಸದ ಕಲೆ) ಹಿಡಿದ ಬೆರಳಿನಲ್ಲಿ ಹೊಸ ಹಚ್ಚೆ ಕಾಣುವುದೂ ಇಲ್ಲ, ಮಾಯುವುದೂ ಇಲ್ಲ.

ಒಂದೇ ಜಾಗದಲ್ಲಿಯೂ ಕೆಲಸಕ್ಕೆ ತಕ್ಕಂತೆ ನೋವು ಬದಲಾಗುತ್ತದೆ. ಗೆರೆ ಎಳೆಯುವಾಗ ಅದು ಚುರುಕಾಗಿ ಕೊಯ್ದಂತಿರುತ್ತದೆ. ಬಣ್ಣ ತುಂಬುವಾಗ, ಮುಳ್ಳು ಪರಚಿದ ಗಾಯವನ್ನು ಮತ್ತೆ ಮತ್ತೆ ಉಜ್ಜಿದಂತೆ ಮಂದವಾಗಿಯೂ ದೀರ್ಘವಾಗಿಯೂ ಇರುತ್ತದೆ. ಆರಂಭದ ಕೆಲವು ನಿಮಿಷ ಕಳೆದ ಮೇಲೆ ದೇಹ ಹೊಂದಿಕೊಳ್ಳುತ್ತದೆ, ಆದರೆ ಮೂರು ನಾಲ್ಕು ಗಂಟೆಗಳಾದಾಗ ಮೈ ದಣಿದು ನೋವು ಮರಳಿ ಹೆಚ್ಚುತ್ತದೆ. ದೊಡ್ಡ ಚಿತ್ರವನ್ನು ಒಂದೇ ದಿನಕ್ಕೆ ಮುಗಿಸಿಬಿಡಿ ಎಂದು ಹಟ ಹಿಡಿಯಬಾರದು.

ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸಿ, ಹೊಟ್ಟೆ ತುಂಬ ಉಂಡು ಹೋಗಬೇಕು; ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಿ ಬೀಳುವವರಿದ್ದಾರೆ. ಧೈರ್ಯಕ್ಕೆಂದು ಮದ್ಯ ಕುಡಿಯುವುದು ತಪ್ಪು. ಆಸ್ಪಿರಿನ್‌ನಂಥ ಮಾತ್ರೆಗಳೂ ರಕ್ತ ಹೆಚ್ಚು ಒಸರುವಂತೆ ಮಾಡುತ್ತವೆ, ಆದರೆ ವೈದ್ಯರು ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಅವರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಇರುವವರಿಗೂ ಇದೇ ಮಾತು. ಲಿಡೋಕೇನ್ ಇರುವ ಮರಗಟ್ಟಿಸುವ ಮುಲಾಮು ಸ್ವಲ್ಪ ಹೊತ್ತು ನೋವನ್ನು ತಗ್ಗಿಸುತ್ತದೆ. ಹಚ್ಚೆ ಹಾಕುವವರಿಗೆ ಹೇಳದೆ ಹಚ್ಚಿಕೊಳ್ಳಬಾರದು, ಮತ್ತು ಬೆನ್ನಿನಂಥ ವಿಶಾಲ ಜಾಗಕ್ಕೆ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿದರೆ ಔಷಧಿ ಅತಿಯಾಗಿ ರಕ್ತಕ್ಕೆ ಸೇರಿ ಅಪಾಯವಾಗಬಹುದು. ಸೂಜಿಯ ಪೊಟ್ಟಣವನ್ನು ತಮ್ಮ ಕಣ್ಣೆದುರೇ ಒಡೆಯಲು ಕೇಳುವುದಕ್ಕೆ ಸಂಕೋಚ ಬೇಡ. ಜಾತ್ರೆಯ ಬಯಲಿನಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಾಕಿದರೆ ಹೆಪಟೈಟಿಸ್ ಬಿ, ಸಿ ಹರಡಬಲ್ಲವು.

ಇನ್ನು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆಯ ಸುತ್ತಮುತ್ತ ಬಟ್ಟೆಯೇ ಒಣಗುವುದಿಲ್ಲ, ಹಸಿಗಾಯ ಒಣಗುವುದು ದೂರದ ಮಾತು. ಆ ದಿನಗಳಲ್ಲಿ ಪಾದ, ಹರಡು, ಮೀನಖಂಡಗಳನ್ನು ಮುಟ್ಟದಿರುವುದು ಲೇಸು: ಗಂಬೂಟಿನೊಳಗೆ ಬೆವರು, ತೋಟದಲ್ಲಿ ಕೆಸರು, ಇಂಬಳ (ಜಿಗಣೆ) ಕಚ್ಚಿದ ತುರಿಕೆ ಎಲ್ಲವೂ ಅದೇ ಜಾಗದಲ್ಲಿ ಕೂಡುತ್ತವೆ. ಮಳೆಗಾಲದ ನಂತರ ಅಡಿಕೆ ಕೊಯ್ಲು ಮತ್ತು ಸುಲಿತ ಬರುವುದರಿಂದ ತೋಟದ ಕೆಲಸದವರಿಗೆ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಅನುಕೂಲ. ಆಗ ಗಾಯವನ್ನು ಬಿಸಿಲಿನಿಂದ ಮರೆಮಾಡಿದರೆ ಸಾಕು. ಗಾಯ ಮಾಯುವವರೆಗೆ ತುಂಗೆಯಲ್ಲಿ ಈಜುವುದನ್ನೂ ಬಿಡಬೇಕು. ಶಿವಮೊಗ್ಗದಲ್ಲಿ ಬೆನ್ನಿಗೆ ಹಾಕಿಸಿಕೊಂಡು ಸಾಗರದ ಬಸ್ ಹತ್ತುವವರು ಸೀಟಿಗೆ ಒರಗುವಂತಿಲ್ಲ ಎಂಬುದನ್ನೂ ಮೊದಲೇ ಯೋಚಿಸಿರಬೇಕು.

ಮೊದಲ ಎರಡು ಮೂರು ದಿನ ಬಿಸಿಲಿಗೆ ಸುಟ್ಟಂಥ ಉರಿ, ಸ್ವಲ್ಪ ಊತ ಸಹಜ. ಬಳಿಕ ತುರಿಕೆ ಶುರುವಾಗಿ ಪೊರೆ ಏಳುತ್ತದೆ, ಅದನ್ನು ಕೀಳಬಾರದು. ನೋವು ಇಳಿಯುವ ಬದಲು ದಿನೇ ದಿನೇ ಏರಿದರೆ, ಕೆಂಪು ಸುತ್ತಲೂ ಹರಡಿದರೆ, ಕೀವು ಅಥವಾ ಜ್ವರ ಕಂಡರೆ ಅರಿಶಿನ ಮೆತ್ತಿ ಕಾಯದೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.