ಬೈಲನ್ನು ಬೈಲಾಗಿಯೇ ಉಳಿಸುವುದು ಹೇಗೆ?

ಉಡುಪಿಯ ಸ್ವರ್ಣೆ, ಸೀತೆಯರು ಘಟ್ಟ ಇಳಿದು ಬೇಗ ಕಡಲು ಸೇರುವ ಹೊಳೆಗಳು. ಮೇಲೆ ಜೋರು ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ನೀರು ನಮ್ಮೂರಿಗೆ ಬರುತ್ತದೆ. ಆಗ ಕಡಲಲ್ಲಿ ಉಬ್ಬರ ಇದ್ದರೆ ಹೊಳೆ ಕಡಲು ಸೇರುವ ಅಳಿವೆಯಲ್ಲೇ ತಡೆದು ನಿಂತು, ದಡದ ಬೈಲಿಗೆ, ಅಂದರೆ ತಗ್ಗಿನ ಗದ್ದೆಗಳಿಗೆ ಹರಡುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಪೇಟೆಯ ತಗ್ಗು ಜಾಗಗಳೂ ಸ್ವರ್ಣೆಯ ದಡವೂ ಮುಳುಗಿದ್ದು ಹಲವರಿಗೆ ನೆನಪಿರಬಹುದು. ಮಳೆ ನಿಲ್ಲಿಸಲು ಆಗುವುದಿಲ್ಲ. ನೀರಿಗೆ ಜಾಗ ಬಿಡಲು ಆಗುತ್ತದೆ, ಅಲ್ವಾ?

ಮೊದಲು ನೆರೆಯ ಗುರುತು ಹಾಕಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ. ನೇತ್ರಾವತಿ ದಡದ ಬಂಟ್ವಾಳದಲ್ಲಿ ಈಗಲೂ 1974ರ ನೆರೆಯ ಲೆಕ್ಕ ಹೇಳುವವರಿದ್ದಾರೆ. ಶಾಲೆ, ಅಂಗನವಾಡಿ, ಮನೆ ಗೋಡೆಯ ಮೇಲೆ ಒಪ್ಪಿಗೆ ಪಡೆದು ಬಣ್ಣದಲ್ಲಿ ಗೆರೆ ಎಳೆದು ಇಸವಿ ಬರೆಯಿರಿ.

ಬೈಲಿನ ನೀರು ಹರಿಯುವ ಸಣ್ಣ ಹಳ್ಳ, ಅಂದರೆ ತೋಡು ಹುಡುಕಿ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಬಹುದು. ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಅದು ಸಾರ್ವಜನಿಕ ಜಾಗ. ನಕ್ಷೆಯಲ್ಲಿ ಅಗಲವಾಗಿದ್ದ ತೋಡು ನೆಲದಲ್ಲಿ ಕಿರಿದಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ. ಒಬ್ಬರೇ ಹೋಗಬೇಡಿ. ಬೈಲಿನ ಎಲ್ಲರೂ ಸಹಿ ಹಾಕಿ.

ಮಣ್ಣು ತುಂಬಿಸಲು ಬಿಡಬೇಡಿ. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಒಂದು ಎಕರೆ ಗದ್ದೆಯಲ್ಲಿ ಒಂದಡಿ ನೀರು ನಿಂತರೆ ಅದು 12 ಲಕ್ಷ ಲೀಟರಿಗೂ ಜಾಸ್ತಿ. ಆ ಗದ್ದೆಯನ್ನು ಎತ್ತರಿಸಿದರೆ ಅಷ್ಟೂ ನೀರು ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ. ಬಾವಿಗೆ ಇಂಗುವ ನೀರೂ ಕಡಿಮೆಯಾಗುತ್ತದೆ. ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗೇ ಮೊದಲು ಮಣ್ಣಿನ ಲಾರಿ ಬರುವುದು. ಹಾಗಾಗಿ ಊರವರು ಸೇರಿ ಮಳೆಗಾಲದ ಭತ್ತದ ಏಣೆಲು ಬೇಸಾಯ ಮಾಡಿದರೂ ಬೈಲು ಉಳಿಯುತ್ತದೆ. ಬೇಸಗೆಯಲ್ಲಿ ತರಕಾರಿ ಬೆಳೆಯಬಹುದು, ಮಕ್ಕಳಿಗೆ ಆಟದ ಬಯಲೂ ಆದೀತು. ಮನೆ ಕಟ್ಟುವುದಾದರೆ ಎತ್ತರದ ಬೆಟ್ಟು ಜಾಗದಲ್ಲಿ, ನೆರೆಯ ಗೆರೆಗಿಂತ ಮೇಲೆ ಕಟ್ಟಿ. ಬೈಲಿನ ನಡುವೆ ರಸ್ತೆ ಬರುವುದಾದರೆ ಒಂದೇ ಮೋರಿ ಸಾಲದು, ಹಲವು ಬೇಕೆಂದು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಮೇ ತಿಂಗಳಲ್ಲಿ ತೋಡಿನ ಹೂಳು, ಮೋರಿಯ ಕಸ ತೆಗೆಸಿ. ಬೇಸಗೆಗೆ ನೀರು ನಿಲ್ಲಿಸಲು ಕಿಂಡಿ ಅಣೆಕಟ್ಟಿಗೆ ಹಾಕಿದ ಹಲಗೆಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆಯಲೇಬೇಕು. ಇಲ್ಲದಿದ್ದರೆ ಮರದ ದಿಮ್ಮಿ, ಕಸ ಸಿಕ್ಕಿಕೊಂಡು ನೀರು ಬದಿಯ ದಂಡೆಯನ್ನೇ ಕೊರೆಯುತ್ತದೆ.

ದಂಡೆಗೆ ಗಿಡ ನೆಡಿ. ಸಿಹಿನೀರಿನ ಕಡೆ ಬಿದಿರು, ಹೊಂಗೆ, ಕಡುಬಿನ ಮೂಡೆ ಕಟ್ಟುವ ಮುಂಡೇವು. ಉಪ್ಪುನೀರು ಬರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್). ಕಾಂಡ್ಲಾ ಬೇರಿನ ನಡುವೆಯೇ ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುವುದು. ಅದನ್ನು ಕಡಿದರೆ ದಂಡೆಯ ಜೊತೆ ಮೀನುಗಾರರ ಅನ್ನವೂ ಹೋಗುತ್ತದೆ.

ರೆಡ್ ಅಲರ್ಟ್ ಬಂದರೆ 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಸಾಧ್ಯತೆ ಇದೆ ಎಂದರ್ಥ. ಹಟ್ಟಿಯ ದನಗಳನ್ನು ಬೆಳಕಿರುವಾಗಲೇ ಎತ್ತರಕ್ಕೆ ಹೊಡೆಯಿರಿ. ವಯಸ್ಸಾದವರನ್ನು ಮೊದಲು ಸಾಗಿಸಿ. ಜಿಲ್ಲಾ ಕಂಟ್ರೋಲ್ ರೂಮ್ ಸಂಖ್ಯೆ 1077. ನೆರೆ ಇಳಿದ ಮೇಲೆ ಬಾವಿಯ ನೀರು ಪೂರ್ತಿ ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ.