ಒಂದು ಮೀಟು, ಮೂರು ಸೈಡು: ಸೋಲ್ ಫುಡ್ ಹೋಟೆಲಿಗೆ ಹೋಗುವ ಮುಂಚೆ

ಅಮೆರಿಕದ ದಕ್ಷಿಣದ ಊರುಗಳಲ್ಲಿ, ಅಂದರೆ ಅಟ್ಲಾಂಟಾ, ಮೆಂಫಿಸ್, ನ್ಯಾಶ್‌ವಿಲ್, ಶಾರ್ಲಟ್ ಕಡೆ, ಹತ್ತು ವರ್ಷದಿಂದ ಇರುವ ಕನ್ನಡಿಗರನ್ನು ಕೇಳಿ ನೋಡಿ. ಥಾಯ್ ತಿಂದಿರುತ್ತಾರೆ, ಇಥಿಯೋಪಿಯನ್ ತಿಂದಿರುತ್ತಾರೆ. ಊರೊಳಗಿನ ಸೋಲ್ ಫುಡ್ ಹೋಟೆಲಿನ ಬಾಗಿಲು ಮಾತ್ರ ತಳ್ಳಿರುವುದಿಲ್ಲ. "ಅಲ್ಲಿ ಬರೀ ಹಂದಿ ಅಲ್ವಾ?" ಎನ್ನುತ್ತಾರೆ. ಆ ಮಾತು ಅರ್ಧ ನಿಜ. ಇನ್ನರ್ಧ ಗೊತ್ತಿಲ್ಲದೆ ಒಳ್ಳೆಯ ಊಟ ತಪ್ಪಿಸಿಕೊಳ್ಳುತ್ತಿದ್ದಾರೆ.

ಸೋಲ್ ಫುಡ್ ಎಂದರೆ ಆಫ್ರಿಕನ್ ಅಮೆರಿಕನ್ನರ ಮನೆ ಅಡುಗೆ. ಗುಲಾಮಗಿರಿಯ ಕಾಲದಲ್ಲಿ ತೋಟದ ಮಾಲೀಕರು ಕೊಡುತ್ತಿದ್ದ ರೇಷನ್ನು ಮೆಕ್ಕೆಜೋಳದ ಹಿಟ್ಟು ಮತ್ತು ಉಪ್ಪು ಹಾಕಿದ ಹಂದಿಮಾಂಸ. ಅದರ ಜೊತೆಗೆ ಗುಡಿಸಲ ಪಕ್ಕ ತಾವೇ ಬೆಳೆದ ಸೊಪ್ಪು, ಗೆಣಸು, ಬೆಂಡೆ, ಅಲಸಂದೆ. ಇಷ್ಟರಲ್ಲೇ ಹುಟ್ಟಿದ ಅಡುಗೆ ಇದು. ಅಲಸಂದೆಯ ತವರು ಆಫ್ರಿಕಾ. ನಮ್ಮ ರಾಗಿ, ನಮ್ಮ ಬಿಳಿಜೋಳದ ತವರೂ ಅದೇ. ಜೋಳದ ಸಿಹಿ ದಂಟನ್ನು ಅರೆದು, ರಸ ಕುದಿಸಿ ಪಾಕ ಮಾಡುವ ಪದ್ಧತಿ ದಕ್ಷಿಣದಲ್ಲಿ ಇನ್ನೂ ಇದೆ. ವಿಜಯಪುರದವರು ಒಮ್ಮೆ ರುಚಿ ನೋಡಲೇಬೇಕು.

20ನೇ ಶತಮಾನದಲ್ಲಿ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಿಗೆ ವಲಸೆ ಹೋದರು. ಅಡುಗೆಯೂ ಜೊತೆಗೆ ಹೋಯಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1962ರಲ್ಲಿ ಶುರುವಾದ ಸಿಲ್ವಿಯಾಸ್ ಇಂಥದ್ದೇ. ಅದನ್ನು ತೆರೆದ ಸಿಲ್ವಿಯಾ ವುಡ್ಸ್ ಸೌತ್ ಕ್ಯಾರೊಲಿನಾದವರು. ಹಾಗಾಗಿ ನೀವು ದಕ್ಷಿಣದಲ್ಲೇ ಇರಬೇಕೆಂದಿಲ್ಲ. ದೊಡ್ಡ ಊರು ಯಾವುದಾದರೂ ಸರಿ, ಇಂಥ ಹೋಟೆಲು ಒಂದು ಸಿಕ್ಕೇ ಸಿಗುತ್ತದೆ.

ಈಗ ಒಳಗೆ ಹೋಗೋಣ. ಸಣ್ಣ ಹೋಟೆಲುಗಳಲ್ಲಿ ಜಾಸ್ತಿ ಕಡೆ ಕೌಂಟರ್ ಪದ್ಧತಿ. ಗಾಜಿನ ಹಿಂದೆ ಆವಿಯ ಮೇಲೆ ಇಟ್ಟ ಸ್ಟೀಲ್ ತಟ್ಟೆಗಳು, ಅದರ ಹಿಂದೆ ಉದ್ದ ಸೌಟು ಹಿಡಿದ ಒಬ್ಬ ಹೆಂಗಸು. ಅವರೇ ಮಾಲೀಕರ ಅಕ್ಕನೋ ಅತ್ತೆಯೋ ಇರಬಹುದು. ಮೆನು ಗೋಡೆಯ ಮೇಲೆ, ಕೆಲವೊಮ್ಮೆ ಕೈಬರಹದಲ್ಲಿ. ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ಮೊದಲು ನಮಸ್ಕಾರ ಹೇಳಿ. "ಗುಡ್ ಆಫ್ಟರ್‌ನೂನ್" ಅಷ್ಟು ಸಾಕು. ನಾವು ನೇರವಾಗಿ "ಒನ್ ಚಿಕನ್" ಎಂದು ಶುರು ಮಾಡುತ್ತೇವೆ. ದಕ್ಷಿಣದಲ್ಲಿ ಅದು ಒರಟುತನ. ಅವರು ನಿಮ್ಮನ್ನು ಬೇಬಿ, ಹನಿ, ಶುಗರ್ ಎಂದೆಲ್ಲ ಕರೆಯಬಹುದು. ಗಾಬರಿ ಬೇಡ, ಎಪ್ಪತ್ತು ವರ್ಷದ ತಾತನಿಗೂ ಹಾಗೇ ಅನ್ನುತ್ತಾರೆ. ನೀವು ವಾಪಸ್ "ಯೆಸ್ ಮ್ಯಾಮ್" ಅನ್ನಿ.

ಆರ್ಡರಿನ ಲೆಕ್ಕ ಸರಳ: ಒಂದು ಮಾಂಸ, ಎರಡೋ ಮೂರೋ ಸೈಡು (ಜೊತೆಗೆ ನೆಂಚಿಕೊಳ್ಳುವ ಪಲ್ಯದಂಥವು), ಒಂದು ಬ್ರೆಡ್ಡು. ಇದಕ್ಕೆ 'ಮೀಟ್ ಆ್ಯಂಡ್ ಟೂ', 'ಮೀಟ್ ಆ್ಯಂಡ್ ತ್ರೀ' ಎನ್ನುತ್ತಾರೆ. ಬ್ರೆಡ್ಡು ಎಂದರೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಅಥವಾ ರೋಲ್. ಕಾರ್ನ್‌ಬ್ರೆಡ್ ತೆಗೆದುಕೊಳ್ಳಿ. ಚಿಕನ್ ಅಂದ ಕೂಡಲೇ "ವೈಟ್ ಆರ್ ಡಾರ್ಕ್?" ಎಂಬ ಪ್ರಶ್ನೆ ಬರುತ್ತದೆ. ವೈಟ್ ಎಂದರೆ ಎದೆ ಮತ್ತು ರೆಕ್ಕೆ, ಡಾರ್ಕ್ ಎಂದರೆ ತೊಡೆ ಮತ್ತು ಕಾಲು. ವೈಟಿಗೆ ಒಂದೆರಡು ಡಾಲರ್ ಹೆಚ್ಚಿಗೆ ಹಾಕುವುದುಂಟು. ರುಚಿ ಇರುವುದು ಡಾರ್ಕಿನಲ್ಲಿ, ಅದು ನನ್ನ ಖಚಿತ ಅಭಿಪ್ರಾಯ. 'ಸ್ಮದರ್ಡ್' ಎಂದು ಬರೆದಿದ್ದರೆ ಮೇಲೆ ಗ್ರೇವಿ ಸುರಿದಿರುತ್ತಾರೆ. 'ಡ್ರೆಸ್ಸಿಂಗ್' ಎಂದಿದ್ದರೆ ಸಲಾಡಿಗೆ ಹಾಕುವುದಲ್ಲ, ಕಾರ್ನ್‌ಬ್ರೆಡ್ ಪುಡಿ ಮಾಡಿ ಕೋಳಿ ಸಾರಿನಲ್ಲಿ ಕಲಸಿ ಬೇಯಿಸಿದ್ದು.

ಮೀನು ತಿನ್ನುವವರಿಗೆ ಇದು ಸ್ವರ್ಗ. ಕ್ಯಾಟ್‌ಫಿಶ್, ವೈಟಿಂಗ್ ಎಂಬ ಮೀನುಗಳನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಮಂಗಳೂರಿನವರಿಗೆ ಇದು ರವಾ ಫ್ರೈನ ತಮ್ಮ. ಗೋಮಾಂಸ ಬೇಡದವರು ಆಕ್ಸ್‌ಟೇಲ್, ಮೀಟ್‌ಲೋಫ್ ಬಿಡಿ. ಹಂದಿ ಬೇಡದವರು ಚಾಪ್ಸ್, ರಿಬ್ಸ್, ನೆಕ್‌ಬೋನ್ಸ್ ಬಿಡಿ. ಚಿಟ್ಲಿನ್ಸ್ ಎಂದರೆ ಹಂದಿಯ ಕರುಳು.

ಸಸ್ಯಾಹಾರಿಗಳು ಈ ಭಾಗವನ್ನು ನಿಧಾನವಾಗಿ ಓದಿ.

ಮೆನುವಿನಲ್ಲಿ 'ವೆಜಿಟೆಬಲ್ ಪ್ಲೇಟ್' ಎಂದು ಕಾಣುತ್ತದೆ. ಖುಷಿಯಾಗುತ್ತದೆ. ಆದರೆ ಅದು ಸೈಡುಗಳ ತಟ್ಟೆ, ಸಸ್ಯಾಹಾರದ ತಟ್ಟೆ ಅಲ್ಲ. ಚೀಸ್ ಹಾಕಿದ ಮ್ಯಾಕರೋನಿ, ಅಂದರೆ ಮ್ಯಾಕ್ ಆ್ಯಂಡ್ ಚೀಸ್ ಕೂಡ ಇಲ್ಲಿ ವೆಜಿಟೆಬಲ್ಸ್ ಪಟ್ಟಿಯಲ್ಲೇ ಇರುತ್ತದೆ ಎಂದರೆ ಲೆಕ್ಕ ಹಾಕಿಕೊಳ್ಳಿ. ಕೊಲಾರ್ಡ್ ಗ್ರೀನ್ಸ್ ಎಂಬ ಸೊಪ್ಪನ್ನು ಗಂಟೆಗಟ್ಟಲೆ ಬೇಯಿಸುತ್ತಾರೆ, ಪಾತ್ರೆಯಲ್ಲಿ ಹೊಗೆಯಾಡಿಸಿದ ಹಂದಿಯ ಕಾಲಿನ ತುಂಡು ಹಾಕಿ. ಅಲಸಂದೆ, ಪಿಂಟೋ ಬೀನ್ಸ್, ಹುರುಳಿಕಾಯಿ, ಕೋಸು, ಎಲ್ಲದಕ್ಕೂ ಸಾಮಾನ್ಯವಾಗಿ ಇದೇ ಗತಿ. ಆರೋಗ್ಯದ ಕಾರಣಕ್ಕೆ ಈಗ ತುಂಬ ಹೋಟೆಲುಗಳು ಹಂದಿ ಬಿಟ್ಟು ಹೊಗೆಯಾಡಿಸಿದ ಟರ್ಕಿ ಕೋಳಿಯ ಮಾಂಸ ಹಾಕುತ್ತಾರೆ. ಎಡವಟ್ಟಾಗುವುದು ಇಲ್ಲೇ. ನೀವು "ಈಸ್ ದೇರ್ ಮೀಟ್ ಇನ್ ದಿ ಗ್ರೀನ್ಸ್?" ಎಂದು ಕೇಳುತ್ತೀರಿ. "ನೋ ಬೇಬಿ, ಜಸ್ಟ್ ಟರ್ಕಿ" ಎಂದು ಉತ್ತರ ಬರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಆ ಪ್ರಶ್ನೆ ಕೇಳುವವರಲ್ಲಿ ತುಂಬ ಜನ ಹಂದಿ ತಿನ್ನದವರು, ಅವರಿಗೆ ಬೇಕಾದ ಉತ್ತರ ಅದು. ಅದಕ್ಕೇ ಹೆಸರು ಹಿಡಿದು ಕೇಳಿ: ಪೋರ್ಕ್ ಇದೆಯಾ, ಟರ್ಕಿ ಇದೆಯಾ, ಚಿಕನ್ ಬ್ರಾತ್ (ಕೋಳಿ ಸಾರು) ಇದೆಯಾ, ಲಾರ್ಡ್ ಇದೆಯಾ. ಲಾರ್ಡ್ ಎಂದರೆ ಹಂದಿ ಕೊಬ್ಬು. ಕಾರ್ನ್‌ಬ್ರೆಡ್ಡಿಗೂ ಪೈ ಹಿಟ್ಟಿಗೂ ಕೆಲವರು ಇದನ್ನೇ ಬಳಸುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ಉಳಿಯುವುದೇನು? ಮ್ಯಾಕ್ ಆ್ಯಂಡ್ ಚೀಸ್, ಕ್ಯಾಂಡೀಡ್ ಯಾಮ್ಸ್ ಎಂಬ ಸಕ್ಕರೆ ಪಾಕದ ಗೆಣಸು, ಮೆಕ್ಕೆಜೋಳದ ಕಾಳು, ಕೋಲ್‌ಸ್ಲಾ ಎಂಬ ಹಸಿ ಕೋಸಿನ ಸಲಾಡ್, ಕರಿದ ಬೆಂಡೆಕಾಯಿ. ಮೊಟ್ಟೆ ತಿನ್ನುವವರಿಗೆ ಇದು ಹೊಟ್ಟೆ ತುಂಬ ಊಟ. ಮೊಟ್ಟೆಯೂ ಬೇಡ ಎನ್ನುವವರಿಗೆ ಕಷ್ಟ: ಕಾರ್ನ್‌ಬ್ರೆಡ್ಡಿನಲ್ಲಿ ಮೊಟ್ಟೆ, ಕೋಲ್‌ಸ್ಲಾದ ಮೇಯೋನೀಸಿನಲ್ಲಿ ಮೊಟ್ಟೆ, ಮ್ಯಾಕ್‌ನಲ್ಲೂ ಇರಬಹುದು. ಗೆಣಸಿನ ಮೇಲೆ ಮಾರ್ಷ್‌ಮೆಲೋ ಇದ್ದರೆ ಅದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಬೆಂಡೆಕಾಯಿ ಕರಿದದ್ದು ಕೋಳಿ ಕರಿದ ಎಣ್ಣೆಯಲ್ಲೇ ಇರುವ ಸಾಧ್ಯತೆ ಜಾಸ್ತಿ. ಸಣ್ಣ ಅಡುಗೆಮನೆಯಲ್ಲಿ ಎರಡು ಫ್ರೈಯರ್ ಇರುವುದಿಲ್ಲ, ಅದಕ್ಕಾಗಿ ಜಗಳ ಮಾಡಬೇಡಿ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಪಕ್ಕಾ ಮಡಿ ಎನ್ನುವುದಾದರೆ ಇಲ್ಲಿಗೆ ಕರೆತರಬೇಡಿ. ವೀಗನ್ ಸೋಲ್ ಫುಡ್ ಎಂಬ ಬೇರೆಯದೇ ಪರಂಪರೆ ಇದೆ, ಅಲ್ಲಿಗೆ ಹೋಗಿ. ಅಟ್ಲಾಂಟಾದ ವೆಸ್ಟ್ ಎಂಡ್, ಶಿಕಾಗೋದ ಸೌತ್ ಸೈಡ್‌ನಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಹೋಟೆಲುಗಳನ್ನು ಕಪ್ಪು ಸಮುದಾಯದವರೇ ದಶಕಗಳಿಂದ ನಡೆಸಿದ್ದಾರೆ. ಸೊಪ್ಪಿಗೆ ಅಲ್ಲಿ ಬೆಳ್ಳುಳ್ಳಿ, ಈರುಳ್ಳಿ ಅಷ್ಟೇ.

ಮಾಂಸ ತಿನ್ನುವವರು ಗ್ರೀನ್ಸ್ ಬಿಡಬೇಡಿ. ಸೊಪ್ಪು ಬೆಂದ ನೀರಿಗೆ ಪಾಟ್‌ಲಿಕರ್ ಎನ್ನುತ್ತಾರೆ. ಕಡು ಹಸಿರು, ಮೇಲೆ ಎಣ್ಣೆಯ ಸಣ್ಣ ಚುಕ್ಕೆಗಳು, ಉಪ್ಪು, ಒಂಚೂರು ಹುಳಿ, ಹೊಗೆಯ ವಾಸನೆ. ಕಾರ್ನ್‌ಬ್ರೆಡ್ಡನ್ನು ಮುರಿದು ಅದರಲ್ಲಿ ಅದ್ದಿ ತಿನ್ನಬೇಕು. ಕೈಯಲ್ಲಿ ತಿಂದರೆ ಯಾರೂ ನೋಡುವುದಿಲ್ಲ. ಮೂರು ಗೂಡಿನ ಡಬ್ಬಿಯಲ್ಲಿ ಹಾಕಿಸಿಕೊಂಡರೆ ಈ ನೀರು ಹರಿದು ಮ್ಯಾಕ್‌ಗೆ ಸೇರುತ್ತದೆ. ಅದಕ್ಕೇ ಪಾರ್ಸೆಲ್ ಮಾಡಿಸುವಾಗ ಗ್ರೀನ್ಸನ್ನು ಬೇರೆ ಕಪ್ಪಿನಲ್ಲಿ ಕೇಳಿ. ಖಾರ ಸಾಲದು ಎನಿಸಿದರೆ ಟೇಬಲ್ ಮೇಲೆ ನೋಡಿ. ಹಾಟ್ ಸಾಸ್ ಇರುತ್ತದೆ. ಪಕ್ಕದಲ್ಲಿ ಸಣ್ಣ ಹಸಿಮೆಣಸಿನಕಾಯಿಗಳನ್ನು ವಿನೆಗರಿನಲ್ಲಿ ಮುಳುಗಿಸಿಟ್ಟ ಬಾಟಲಿಯೂ ಇರಬಹುದು. ಆ ವಿನೆಗರನ್ನು ಸೊಪ್ಪಿನ ಮೇಲೆ ನಾಲ್ಕು ಹನಿ ಹಾಕಿ. ಬ್ಯಾಗಿನಿಂದ ಉಪ್ಪಿನಕಾಯಿ ತೆಗೆಯುವ ಅಗತ್ಯ ಬೀಳುವುದಿಲ್ಲ.

ಕುಡಿಯಲು ಸ್ವೀಟ್ ಟೀ. ಹೆಸರಿಗೆ ಟೀ, ನಿಜಕ್ಕೆ ಐಸ್ ಹಾಕಿದ ಪಾಕ. ಶುಗರ್ ಇರುವವರು "ಅನ್‌ಸ್ವೀಟ್" ಎಂದು ಸ್ಪಷ್ಟವಾಗಿ ಹೇಳಿ, ಇಲ್ಲವೇ ಎರಡನ್ನೂ ಅರ್ಧರ್ಧ ಬೆರೆಸಿಕೊಡಲು ಕೇಳಿ. ನಲ್ಲಿ ನೀರಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಸಿಹಿಗೆ ಪೀಚ್ ಕಾಬ್ಲರ್, ಬನಾನಾ ಪುಡ್ಡಿಂಗ್, ಗೆಣಸಿನ ಪೈ. ಒಂದನ್ನು ಇಬ್ಬರು ತಿನ್ನಬಹುದು.

ದುಡ್ಡಿನ ವಿಚಾರ. ಬೋರ್ಡಿನ ಬೆಲೆಯಲ್ಲಿ ತೆರಿಗೆ ಸೇರಿಲ್ಲ. ಅಟ್ಲಾಂಟಾದಲ್ಲಿ ಸುಮಾರು 9 ಪ್ರತಿಶತ ಮೇಲೆ ಬೀಳುತ್ತದೆ. ಟೇಬಲ್ಲಿಗೆ ಬಂದು ಬಡಿಸಿದರೆ 18ರಿಂದ 20 ಪ್ರತಿಶತ ಟಿಪ್ ಕೊಡಬೇಕು. ಇದು ದಾನ ಅಲ್ಲ. ಟಿಪ್ ಸಿಗುವ ಕೆಲಸಗಾರರಿಗೆ ಫೆಡರಲ್ ಕಾನೂನಿನ ಪ್ರಕಾರ ಮಾಲೀಕ ಕೊಡಲೇಬೇಕಾದ ಕನಿಷ್ಠ ನಗದು ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಜಾರ್ಜಿಯಾ, ಟೆನೆಸೀಗಳಲ್ಲಿ ಇದೇ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ಕೌಂಟರಿನಲ್ಲಿ ನೀವೇ ತಟ್ಟೆ ಹಿಡಿದುಕೊಂಡು ಹೋಗುವ ಕಡೆ 20 ಪ್ರತಿಶತ ಬೇಕಿಲ್ಲ, ಡಬ್ಬದಲ್ಲಿ ಒಂದೆರಡು ಡಾಲರ್ ಹಾಕಿ. ಆರು ಜನಕ್ಕಿಂತ ಜಾಸ್ತಿ ಹೋದರೆ ಟಿಪ್ ಬಿಲ್ಲಿನಲ್ಲೇ ಸೇರಿರಬಹುದು. ಓದಿ ನೋಡಿ, ಇಲ್ಲದಿದ್ದರೆ ಎರಡು ಸಲ ಕೊಡುತ್ತೀರಿ.

ಊರಿಂದ ಹೊಸದಾಗಿ ಬಂದವರಿಗೆ ಇನ್ನೊಂದು ಮಾತು. ಕಾರ್ಡನ್ನು ಅವರು ಒಳಗೆ ತೆಗೆದುಕೊಂಡು ಹೋಗಬಹುದು. ಓಟಿಪಿ ಬರುವುದಿಲ್ಲ. ಚೀಟಿಯಲ್ಲಿ ನೀವು ಟಿಪ್ ಬರೆದು, ಕೂಡಿಸಿ, ಸಹಿ ಮಾಡಬೇಕು. ಬ್ಯಾಂಕ್ ಆ್ಯಪಿನಲ್ಲಿ ಮೊದಲು ಟಿಪ್ ಇಲ್ಲದ ಮೊತ್ತ ಕಂಡು, ಎರಡು ದಿನದ ಮೇಲೆ ಬದಲಾದರೆ ಅದು ಮೋಸ ಅಲ್ಲ. ಕ್ಯಾಶ್ ಮಾತ್ರ ಎನ್ನುವ ಹೋಟೆಲೂ ಇದೆ. ಐದಾರು ಇಪ್ಪತ್ತರ ನೋಟು ಜೇಬಿನಲ್ಲಿರಲಿ.

ಸಮಯ ನೋಡಿಕೊಂಡು ಹೋಗಿ. ಮನೆಮಂದಿ ನಾಲ್ಕು ಜನ ಸೇರಿ ನಡೆಸುವ ಜಾಗ, ಬೆಳಿಗ್ಗೆ ಬೇಯಿಸಿದ್ದು ಮುಗಿದರೆ ಮುಗಿಯಿತು. ಆಕ್ಸ್‌ಟೇಲ್ ವಾರದ ಒಂದೆರಡು ದಿನ ಮಾತ್ರ ಇರಬಹುದು. ಸೋಮವಾರ ಬಾಗಿಲು ಮುಚ್ಚಿರುವುದು ಮಾಮೂಲು. ಗೂಗಲ್ ಮ್ಯಾಪಿನ ಸಮಯವನ್ನು ನಂಬದೆ ಫೋನ್ ಮಾಡಿ. ಭಾನುವಾರ ಮಧ್ಯಾಹ್ನ ಚರ್ಚ್ ಬಿಟ್ಟ ಮೇಲೆ ಇಡೀ ಊರೇ ಬರುತ್ತದೆ, ಹ್ಯಾಟು, ಸೂಟು, ಮೂರು ತಲೆಮಾರು ಒಟ್ಟಿಗೆ. ನೋಡಲು ಚೆಂದ, ಕಾಯುವುದು ಕಷ್ಟ. ಮೊದಲ ಸಲಕ್ಕೆ ಗುರುವಾರ ಹನ್ನೊಂದೂವರೆಗೆ ಹೋಗಿ. ಪಕ್ಕದ ಟೇಬಲಿನವರು ಕೈ ಹಿಡಿದು ತಲೆ ತಗ್ಗಿಸಿದರೆ ಪ್ರಾರ್ಥನೆ, ಒಂದು ನಿಮಿಷ ದನಿ ಇಳಿಸಿ.

ಶುಚಿತ್ವದ ಚಿಂತೆ ಇದ್ದವರು ಬಾಗಿಲ ಹತ್ತಿರ ಅಂಟಿಸಿದ ಸರ್ಕಾರಿ ಹಾಳೆ ನೋಡಿ. ಜಾರ್ಜಿಯಾದಲ್ಲಿ 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ. ಅದಕ್ಕಿಂತ ಕೆಳಗೆ ಯು, ಅಂದರೆ ತೃಪ್ತಿಕರವಲ್ಲ. ಕಟ್ಟಡ ಹಳೆಯದು, ಕುರ್ಚಿ ಹರಿದಿದೆ ಎಂದು ವಾಪಸ್ ಬರುವವರಿದ್ದಾರೆ. ಆ ಹಾಳೆ ಓದಿ ತೀರ್ಮಾನ ಮಾಡಿ, ಕುರ್ಚಿ ನೋಡಿ ಅಲ್ಲ.

ಈ ಹೋಟೆಲುಗಳ ಗೋಡೆಯ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಫೋಟೋ ಇರುವುದು ಬರೀ ಅಲಂಕಾರಕ್ಕಲ್ಲ. 1964ರ ನಾಗರಿಕ ಹಕ್ಕು ಕಾಯ್ದೆ ಬರುವವರೆಗೂ ದಕ್ಷಿಣದ ಎಷ್ಟೋ ಹೋಟೆಲುಗಳಲ್ಲಿ ಕಪ್ಪು ಜನ ಕೂತು ತಿನ್ನುವಂತಿರಲಿಲ್ಲ. ಅವರಿಗೆ ಇದ್ದದ್ದು ಈ ಜಾಗಗಳು. ಅಟ್ಲಾಂಟಾದಲ್ಲಿ ಪಾಸ್ಕಲ್ ಸಹೋದರರು 1947ರಲ್ಲಿ ತೆರೆದ ಹೋಟೆಲಿನಲ್ಲಿ ಕಿಂಗ್ ಮತ್ತು ಜೊತೆಗಾರರು ಊಟ ಮಾಡುತ್ತಾ ಹೋರಾಟದ ಯೋಜನೆ ಹಾಕುತ್ತಿದ್ದರು. ಅದೇ ವರ್ಷ ಅದೇ ಊರಿನಲ್ಲಿ ಲೂಸಿ ಜಾಕ್ಸನ್ ಎಂಬಾಕೆ ಬಿಸಿ ಬೀ ಕೆಫೆ ಶುರು ಮಾಡಿದರು. ಅದು ಈಗಲೂ ಇದೆ, 2022ರಲ್ಲಿ ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿಯೂ ಬಂತು. ನ್ಯೂ ಆರ್ಲಿಯನ್ಸಿನಲ್ಲಿ 1941ರ ಡೂಕಿ ಚೇಸ್ ಹೋಟೆಲಿನ ಮಹಡಿಯಲ್ಲಿ ಕಪ್ಪು, ಬಿಳಿ ಹೋರಾಟಗಾರರು ಒಟ್ಟಿಗೆ ಕೂರುತ್ತಿದ್ದರು, ಕಾನೂನು ಬೇಡವೆಂದರೂ. ಅಡುಗೆಯ ಉಸ್ತುವಾರಿ ಲೀಯಾ ಚೇಸ್ ಅವರದು. 2019ರಲ್ಲಿ ಅವರು ತೀರಿಕೊಂಡರು.

ಹಾಗಾಗಿ ಬಾಯಿ ಬಗ್ಗೆ ಸ್ವಲ್ಪ ಎಚ್ಚರ. ಫ್ರೈಡ್ ಚಿಕನ್ ಮತ್ತು ಕಲ್ಲಂಗಡಿಯ ಹೆಸರಿನಲ್ಲಿ ಕಪ್ಪು ಜನರನ್ನು ಗೇಲಿ ಮಾಡುವ ಕೆಟ್ಟ ಚಾಳಿ ಈ ದೇಶದಲ್ಲಿ ನೂರು ವರ್ಷಕ್ಕೂ ಹಳೆಯದು. ಚಿಕನ್ ಆರ್ಡರ್ ಮಾಡಿ, ಚೆನ್ನಾಗಿದೆ ಅನ್ನಿ, ತೊಂದರೆ ಇಲ್ಲ. ಆದರೆ ಆಫೀಸಿನ ಕಪ್ಪು ಸಹೋದ್ಯೋಗಿಗೆ "ನಿಮಗೆ ಇದೆಲ್ಲ ಇಷ್ಟ ಅಲ್ವಾ" ಎಂದು ಹೇಳಿದರೆ ಅದು ತಮಾಷೆಯಾಗಿ ಕೇಳುವುದಿಲ್ಲ. 'ಗುಲಾಮರ ಊಟ' ಎಂಬ ಮಾತೂ ಬೇಡ. ಅಡುಗೆಯವರ ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ಕೊನೆಗೆ ಹಬ್ಬದ ಆರ್ಡರು. ಥ್ಯಾಂಕ್ಸ್‌ಗಿವಿಂಗ್ ಸಮಯದಲ್ಲಿ ಮ್ಯಾಕ್ ಆ್ಯಂಡ್ ಚೀಸ್, ಯಾಮ್ಸ್, ಗೆಣಸಿನ ಪೈಗಳನ್ನು ದೊಡ್ಡ ಅಲ್ಯೂಮಿನಿಯಂ ಟ್ರೇಗಳಲ್ಲಿ ಮಾರುತ್ತಾರೆ. ಎರಡು ವಾರ ಮುಂಚೆ ಹೇಳಿ, ಮುಂಗಡ ಕೊಡಬೇಕಾಗಬಹುದು. ಜನವರಿ 1ಕ್ಕೆ ಅಲಸಂದೆ ಮತ್ತು ಗ್ರೀನ್ಸ್ ತಿಂದರೆ ವರ್ಷವೆಲ್ಲ ಅದೃಷ್ಟ, ದುಡ್ಡು ಎಂದು ಇಲ್ಲಿನ ನಂಬಿಕೆ. ಅವತ್ತು ತೆರೆದಿರುವ ಹೋಟೆಲುಗಳ ಮುಂದೆ ಸಾಲು ಬೀದಿಗೆ ಬರುತ್ತದೆ, ಹತ್ತು ಗಂಟೆಗೇ ಹೋಗಿ ನಿಲ್ಲಿ.