15 ವರ್ಷದ ಮೇಲ್ ಹೊಸ ಲ್ಯಾಪ್‌ಟಾಪಿಗೆ ಬಂದದ್ದು ಹೀಗೆ

ನಾನು ಮನೆಯಲ್ಲೇ ಡಿಟಿಪಿ ಕೆಲಸ, ಅಂದರೆ ಅಚ್ಚಿಗೆ ಪುಟ ಜೋಡಿಸಿ ಕೊಡುವ ಕೆಲಸ ಮಾಡುತ್ತೇನೆ. ಪುಸ್ತಕ, ಸ್ಮರಣ ಸಂಚಿಕೆ, ಸಂಘ ಸಂಸ್ಥೆಗಳ ವಾರ್ಷಿಕ ವರದಿ, ಲಗ್ನಪತ್ರಿಕೆ, ಎಲ್ಲವೂ ಬರುತ್ತವೆ. ಲೇಖಕರು ಕಳಿಸಿದ ಹಸ್ತಪ್ರತಿ, ನಾನು ಕಳಿಸಿದ ಪ್ರೂಫ್, ಅವರು ಹೇಳಿದ ತಿದ್ದುಪಡಿ, ಕೊನೆಗೆ 'ಪ್ರಿಂಟಿಗೆ ಹಾಕಿ' ಅಂತ ಕೊಟ್ಟ ಒಪ್ಪಿಗೆ, ಇಷ್ಟೂ ಮೇಲ್‌ನಲ್ಲೇ ಇರುತ್ತದೆ. ಎರಡನೇ ಮುದ್ರಣದ ಹೊತ್ತಿಗೆ ಯಾರಾದರೂ ಫೋನ್ ಮಾಡಿ, "ಮೇಡಂ, ಹೋದ ಸಲದ ಫೈಲ್ ಇದೆಯಾ?" ಅಂದರೆ ನಾನು ಹುಡುಕುವುದು ಅಲ್ಲೇ. ಅದಕ್ಕೇ ಕಂಪ್ಯೂಟರ್ ಬದಲಾಯಿಸುವಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದ್ದದ್ದು ಮೇಲ್‌ನದೇ.

ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಯಂತ್ರಕ್ಕೆ ವಿಂಡೋಸ್ 11 ಹಿಡಿಸುತ್ತಿರಲಿಲ್ಲ. ಹೊಸ ಲ್ಯಾಪ್‌ಟಾಪ್ ತಂದೆ. ಮೇಲ್‌ಗೆ ನಾನು ಮೊದಲಿನಿಂದ ಬಳಸುತ್ತಿರುವುದು ಥಂಡರ್‌ಬರ್ಡ್ ಅನ್ನುವ ತಂತ್ರಾಂಶ. ಅದರಲ್ಲಿ ಎರಡು ಖಾತೆ. ಒಂದು ಜಿಮೇಲ್, ಐಮ್ಯಾಪ್‌ನಲ್ಲಿ. ಇನ್ನೊಂದು ನನ್ನದೇ ಡೊಮೈನಿನ ವಿಳಾಸ, ಪಾಪ್‌ನಲ್ಲಿ.

ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಐಮ್ಯಾಪ್ ಖಾತೆಯ ಮೇಲ್ ಸರ್ವರಿನಲ್ಲೇ ಇರುತ್ತದೆ. ಹೊಸ ಕಂಪ್ಯೂಟರಿನಲ್ಲಿ ಸೈನ್ ಇನ್ ಆದರೆ ಸಾಕು, ತಾನಾಗಿ ಬರುತ್ತದೆ. ಪಾಪ್ ಹಾಗಲ್ಲ. ಅದು ಮೇಲನ್ನು ನಮ್ಮ ಡಿಸ್ಕಿಗೆ ಇಳಿಸಿಕೊಂಡು, ಸೆಟ್ಟಿಂಗ್ ಹೇಗಿದೆಯೋ ಹಾಗೆ ಸರ್ವರಿನಿಂದ ಅಳಿಸಿಬಿಡುತ್ತದೆ. ನನ್ನ ಖಾತೆಯಲ್ಲಿ ಸರ್ವರಿನ ಮೇಲೆ 14 ದಿನದ್ದು ಮಾತ್ರ ಉಳಿಯುತ್ತಿತ್ತು. 2010ರಿಂದ ಬಂದದ್ದೆಲ್ಲ ಇದ್ದದ್ದು ನನ್ನ ಡಿಸ್ಕಿನಲ್ಲಿ ಮಾತ್ರ. ಕಳಿಸಿದ ಮೇಲ್ ಅಂತೂ ಪಾಪ್‌ನಲ್ಲಿ ಯಾವತ್ತೂ ನಮ್ಮ ಕಂಪ್ಯೂಟರಿನಲ್ಲೇ ಇರುವುದು.

ಶುರು ಮಾಡುವ ಮುಂಚೆ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ. ಹಳೇ ಮೇಲ್ ಕಾಣುತ್ತಿಲ್ಲ ಅನ್ನುವುದು ಒಂದು ತೊಂದರೆ. ಹೊಸ ಮೇಲ್ ಬರುತ್ತಿಲ್ಲ ಅನ್ನುವುದು ಬೇರೆ ತೊಂದರೆ. ಮೊದಲನೆಯದು ಫೈಲಿಗೆ ಸೇರಿದ್ದು, ಎರಡನೆಯದು ಸರ್ವರಿಗೆ ಸೇರಿದ್ದು. ಎರಡನ್ನೂ ಒಟ್ಟಿಗೆ ಹಿಡಿದರೆ ಯಾವ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಹಾಗಾಗಿ ಹಳೇ ಮೇಲ್ ಪೂರ್ತಿ ಕಣ್ಣಿಗೆ ಬೀಳುವ ತನಕ ಹೊಸ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿಯೇ ಕೆಲಸ ಮಾಡಿದೆ.

ಥಂಡರ್‌ಬರ್ಡ್ ತನ್ನದೆಲ್ಲವನ್ನೂ 'ಪ್ರೊಫೈಲ್' ಅನ್ನುವ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಅದು ಆಪ್‌ಡೇಟಾ ಒಳಗಿರುತ್ತದೆ. ಆಪ್‌ಡೇಟಾ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಫೋಲ್ಡರ್. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಕಾಪಿ ಮಾಡಿಕೊಂಡು 'ಎಲ್ಲಾ ಬಂತು' ಅಂದುಕೊಂಡವರ ಮೇಲ್ ಹಿಂದೆ ಉಳಿಯುವುದು ಇದಕ್ಕೇ. ಒನ್‌ಡ್ರೈವ್ ಬ್ಯಾಕಪ್ ಕೂಡ ಅಂಥ ಫೋಲ್ಡರುಗಳನ್ನೇ ನೋಡುತ್ತದೆ, ಆಪ್‌ಡೇಟಾ ಮುಟ್ಟುವುದಿಲ್ಲ. ದಾರಿ ಹುಡುಕುವುದು ಬೇಡ. ಥಂಡರ್‌ಬರ್ಡ್‌ನ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಮಾಹಿತಿ ತೆರೆದರೆ ಪ್ರೊಫೈಲ್ ಫೋಲ್ಡರ್ ಅಂತ ಒಂದು ಸಾಲಿದೆ, ಪಕ್ಕದಲ್ಲೇ ಫೋಲ್ಡರ್ ತೆರೆಯುವ ಬಟನ್.

ಆ ಫೋಲ್ಡರಿನೊಳಗೆ ಒಮ್ಮೆ ನಿಧಾನವಾಗಿ ನೋಡಿ. ಇನ್‌ಬಾಕ್ಸ್ ಅನ್ನುವ ಹೆಸರಿನ ಎರಡು ಫೈಲ್ ಕಾಣುತ್ತವೆ. ಒಂದಕ್ಕೆ ಎಕ್ಸ್‌ಟೆನ್ಷನ್ನೇ (ಹೆಸರಿನ ಕೊನೆಗೆ ಚುಕ್ಕಿಯ ನಂತರ ಬರುವ ಅಕ್ಷರಗಳು) ಇಲ್ಲ. ಇನ್ನೊಂದಕ್ಕೆ ಎಂಎಸ್‌ಎಫ್ ಅಂತ ಇದೆ. ಎಕ್ಸ್‌ಟೆನ್ಷನ್ ಇಲ್ಲದ್ದೇ ನಿಜವಾದ ಮೇಲ್. ಎಂಬಾಕ್ಸ್ ಅನ್ನುವ ಹಳೇ ಪದ್ಧತಿಯಲ್ಲಿ ಎಲ್ಲಾ ಮೇಲ್ ಒಂದರ ಕೆಳಗೆ ಒಂದು ಸೇರಿಕೊಂಡು ಒಂದೇ ಉದ್ದನೆಯ ಟೆಕ್ಸ್ಟ್ ಫೈಲ್ ಆಗಿರುತ್ತದೆ. ಎಂಎಸ್‌ಎಫ್ ಅನ್ನುವುದು ಅದರ ಪರಿವಿಡಿ, ಅಷ್ಟೇ. ಪರಿವಿಡಿ ಹಾಳಾದರೆ ಹೊಸದು ಕಟ್ಟಿಕೊಳ್ಳಬಹುದು. ಪುಟಗಳೇ ಹೋದರೆ ಮುಗಿಯಿತು. ಇದೊಂದು ಗೊತ್ತಿದ್ದುದರಿಂದ ಮುಂದೆ ನನಗೆ ಎಲ್ಲೂ ಕೈ ನಡುಗಲಿಲ್ಲ.

ಕಾಪಿ ಮಾಡುವಾಗ ಥಂಡರ್‌ಬರ್ಡ್ ಮುಚ್ಚಿರಬೇಕು. ತೆರೆದೇ ಕಾಪಿ ಮಾಡಿದರೆ ಬರೆಯುತ್ತಿರುವ ಫೈಲ್ ಅರ್ಧಂಬರ್ಧ ಬರುತ್ತದೆ. ಟೂಲ್ಸ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಇದೆ, ಆದರೆ ಅದು 2 ಜಿಬಿ ಒಳಗಿನ ಪ್ರೊಫೈಲಿಗೆ ಮಾತ್ರ. ಕಳಿಸಿದ ಮೇಲ್ ಇರುವ ನನ್ನ ಸೆಂಟ್ ಫೈಲ್ ಒಂದೇ 7 ಜಿಬಿ ಇತ್ತು. ಪ್ರೂಫ್ ಪಿಡಿಎಫ್ ಕಳಿಸಿ ಕಳಿಸಿ ಬೆಳೆದದ್ದು. ಮೇಲ್ ಒಳಗೆ ಅಟ್ಯಾಚ್‌ಮೆಂಟ್ ಅಕ್ಷರಗಳ ರೂಪಕ್ಕೆ ತಿರುಗಿ ಕೂರುವುದರಿಂದ 12 ಎಂಬಿ ಪಿಡಿಎಫ್ ಅಲ್ಲಿ ಸುಮಾರು 16 ಎಂಬಿ ಆಗುತ್ತದೆ.

ಇಷ್ಟು ದೊಡ್ಡ ಫೈಲ್ ಪೆನ್ ಡ್ರೈವಿಗೆ ಹಾಕಲು ಹೋದರೆ 'ಫೈಲ್ ತುಂಬಾ ದೊಡ್ಡದು' ಅನ್ನುತ್ತದೆ, ಪೆನ್ ಡ್ರೈವಿನಲ್ಲಿ ಜಾಗ ಬೇಕಾದಷ್ಟು ಇದ್ದರೂ. ಕಾರಣ ಜಾಗವಲ್ಲ, ಫಾರ್ಮ್ಯಾಟ್. ಎಷ್ಟೋ ಪೆನ್ ಡ್ರೈವುಗಳು ಫ್ಯಾಟ್32 ಆಗಿ ಬರುತ್ತವೆ, ಅದರಲ್ಲಿ 4 ಜಿಬಿ ಮೀರಿದ ಒಂದು ಫೈಲ್ ಕೂರುವುದಿಲ್ಲ. ಈ ಸೂಚನೆ ಬಂದಾಗ 'ಸ್ಕಿಪ್' ಒತ್ತಿದರೆ ಉಳಿದದ್ದೆಲ್ಲ ಚೆನ್ನಾಗಿ ಕಾಪಿಯಾಗಿ, ಎಲ್ಲಕ್ಕಿಂತ ಮುಖ್ಯವಾದ ಫೈಲ್ ಮಾತ್ರ ಬಿಟ್ಟುಹೋಗುತ್ತದೆ. ನಾನು ಎನ್‌ಟಿಎಫ್‌ಎಸ್ ಇದ್ದ ಹೊರಗಿನ ಹಾರ್ಡ್ ಡಿಸ್ಕ್ ಬಳಸಿದೆ. ಎಕ್ಸ್‌ಫ್ಯಾಟ್ ಆದರೂ ಆಗುತ್ತದೆ. ಕಾಪಿ ಆದಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಒಟ್ಟು ಗಾತ್ರ, ಫೈಲುಗಳ ಸಂಖ್ಯೆ ತಾಳೆ ನೋಡಿದೆ. ಸಣ್ಣಗಾಗಲಿ ಅಂತ ಮೊದಲೇ ಕಾಂಪ್ಯಾಕ್ಟ್ ಮಾಡುವವರಿದ್ದಾರೆ, ಅಂದರೆ ಅಳಿಸಿದ ಮೇಲ್‌ಗಳು ಫೈಲಿನಲ್ಲಿ ಹಿಡಿದಿರುವ ಜಾಗ ತೆಗೆಯುವವರು. ನನ್ನ ಮಾತು ಕೇಳಿದರೆ, ಮೊದಲು ಇದ್ದದ್ದು ಇದ್ದ ಹಾಗೇ ಕಾಪಿ ಆಗಲಿ. ಕಾಂಪ್ಯಾಕ್ಟ್ ಆಮೇಲೆ ಹೊಸ ಕಂಪ್ಯೂಟರಿನಲ್ಲಿ ಮಾಡಿದರಾಯಿತು.

ಹೊಸ ಲ್ಯಾಪ್‌ಟಾಪಿನಲ್ಲಿ ಥಂಡರ್‌ಬರ್ಡ್ ಹಾಕಿದ ಕೂಡಲೇ ಅದು ಹೊಸ ಖಾತೆಯ ವಿವರ ಕೇಳುತ್ತದೆ. ಅಲ್ಲಿ ಏನನ್ನೂ ತುಂಬಬೇಡಿ. ಆ ಪುಟ ಮುಚ್ಚಿ, ಅದೇ ಟ್ರಬಲ್‌ಶೂಟಿಂಗ್ ಮಾಹಿತಿಯಿಂದ ಪ್ರೊಫೈಲುಗಳ ಪುಟಕ್ಕೆ ಹೋಗಿ, ಹೊಸ ಪ್ರೊಫೈಲ್ ಮಾಡುವಾಗ 'ಫೋಲ್ಡರ್ ಆರಿಸಿ' ಅನ್ನುವಲ್ಲಿ ಕಾಪಿ ಮಾಡಿದ ಹಳೇ ಫೋಲ್ಡರನ್ನು ತೋರಿಸಿದೆ. ಅದನ್ನೇ ಡೀಫಾಲ್ಟ್ ಮಾಡಿ ಮತ್ತೆ ತೆರೆದೆ. ಎಷ್ಟೋ ಜನ ಹಳೇ ಫೋಲ್ಡರನ್ನು ಪ್ರೊಫೈಲ್ಸ್ ಒಳಗೆ ಸುಮ್ನೆ ಅಂಟಿಸಿ, ಏನೂ ಕಾಣಲಿಲ್ಲ ಅಂತಾರೆ. ಪ್ರತಿ ಇನ್‌ಸ್ಟಾಲೇಶನ್ನಿಗೂ ತನ್ನದೇ ಪ್ರೊಫೈಲ್ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಬಂದು ಕೂತಿದೆ ಅಂತ ನಾವು ಹೇಳಿದರೆ ಮಾತ್ರ ಅದಕ್ಕೆ ತಿಳಿಯುವುದು. ಇನ್ನೊಂದು: ಹೊಸ ಆವೃತ್ತಿಯಲ್ಲಿ ತೆರೆದ ಪ್ರೊಫೈಲನ್ನು ಹಳೇ ಆವೃತ್ತಿ ಮುಟ್ಟುವುದಿಲ್ಲ. ಆದ್ದರಿಂದ ಹೊಸ ಕಂಪ್ಯೂಟರಿನಲ್ಲಿ ಇರುವುದು ಹಳೆಯದಕ್ಕಿಂತ ಹೊಸ ಆವೃತ್ತಿಯೇ ಆಗಿರಲಿ.

ತೆರೆದಾಗ ಜಿಮೇಲ್ ಫೋಲ್ಡರುಗಳು ಬಂದವು, ವಿಳಾಸಗಳು ಬಂದವು. ಪಾಪ್ ಖಾತೆ ಮಾತ್ರ ಖಾಲಿ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಸೆಟ್ಟಿಂಗ್ಸ್ ತೆರೆದು ಕೆಳಗೆ 'ಲೋಕಲ್ ಡೈರೆಕ್ಟರಿ' ನೋಡಿದೆ. ಡಿ ಡ್ರೈವಿನ ದಾರಿ ಇತ್ತು. ಹಳೇ ಯಂತ್ರದಲ್ಲಿ ಸಿ ಡ್ರೈವ್ ಸಣ್ಣದಿದ್ದ ಕಾಲದಲ್ಲಿ ಮೇಲನ್ನು ಡಿ ಡ್ರೈವಿಗೆ ಹಾಕಿಸಿದ್ದು. ಹೊಸ ಲ್ಯಾಪ್‌ಟಾಪಿನಲ್ಲಿ ಡಿ ಡ್ರೈವೇ ಇಲ್ಲ. ಮೇಲ್ ಪ್ರೊಫೈಲಿನ ಒಳಗೇ ಇದ್ದರೆ ಜಾಗ ಬದಲಾದರೂ ಥಂಡರ್‌ಬರ್ಡ್ ಕಂಡುಕೊಳ್ಳುತ್ತದೆ. ಹೊರಗಿದ್ದರೆ ದಾರಿ ಕಡಿಯುತ್ತದೆ. ಡಿ ಡ್ರೈವಿನ ಫೋಲ್ಡರನ್ನೂ ತಂದು, ಪ್ರೊಫೈಲಿನ ಮೇಲ್ ಫೋಲ್ಡರಿನೊಳಗೆ ಇಟ್ಟು, ಬ್ರೌಸ್ ಒತ್ತಿ ಆ ಜಾಗ ತೋರಿಸಿದೆ. ಮತ್ತೆ ಶುರುವಾದಾಗ 2010ರ ಮೇಲ್‌ಗಳು ಬಂದು ನಿಂತವು. ನಿಮ್ಮ ಕಂಪ್ಯೂಟರ್ ಬದಲಾಯಿಸುವ ಯೋಚನೆ ಈಗಿಲ್ಲದಿದ್ದರೂ ಈ ಒಂದು ಸಾಲನ್ನು ಇವತ್ತೇ ತೆರೆದು ನೋಡಿಕೊಳ್ಳಿ.

ಒಂದು ಫೋಲ್ಡರಿನಲ್ಲಿ ಪಟ್ಟಿ ಕಾಣುತ್ತಿತ್ತು, ಕ್ಲಿಕ್ ಮಾಡಿದರೆ ಬೇರೆ ಯಾವುದೋ ಮೇಲ್ ತೆರೆಯುತ್ತಿತ್ತು. ಪರಿವಿಡಿಯ ತೊಂದರೆ ಅಂತ ಗೊತ್ತಾಯಿತು. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, 'ರಿಪೇರ್ ಫೋಲ್ಡರ್'. ಸರಿಹೋಯಿತು. ಹೋಗದಿದ್ದರೆ ಥಂಡರ್‌ಬರ್ಡ್ ಮುಚ್ಚಿ ಆ ಎಂಎಸ್‌ಎಫ್ ಫೈಲ್ ಅಳಿಸಬಹುದು. ಆದರೆ ಎಕ್ಸ್‌ಪ್ಲೋರರಿನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಂಡೇ ಆ ಕೆಲಸಕ್ಕೆ ಕೈ ಹಾಕಿ, ಎರಡೂ ಫೈಲಿನ ಹೆಸರು ಒಂದೇ ಅಲ್ವಾ.

ಪಾಪ್ ಬಳಸುವವರು ಬಿಡಬಾರದ ಸಣ್ಣ ಫೈಲ್ ಒಂದಿದೆ: ಪಾಪ್‌ಸ್ಟೇಟ್. ಸರ್ವರಿನಲ್ಲಿರುವ ಯಾವ ಮೇಲ್ ಆಗಲೇ ಇಳಿಸಿಕೊಂಡಿದ್ದೇವೆ ಅನ್ನುವ ಲೆಕ್ಕ ಅದರಲ್ಲಿದೆ. ಅದು ಬರದಿದ್ದರೆ ಸರ್ವರಿನಲ್ಲಿ ಉಳಿದದ್ದೆಲ್ಲ ಮತ್ತೆ ಇಳಿದು ಎಲ್ಲವೂ ಎರಡೆರಡು ಆಗುತ್ತದೆ. ಪಾಸ್‌ವರ್ಡಿಗೂ ಹೀಗೇ ಜೋಡಿ ಫೈಲ್ ಇವೆ, ಲಾಗಿನ್ಸ್ ಮತ್ತು ಕೀ4. ಒಂದನ್ನು ಬಿಟ್ಟು ಇನ್ನೊಂದು ತಂದರೆ ಉಪಯೋಗವಿಲ್ಲ. ಪೂರ್ತಿ ಫೋಲ್ಡರ್ ತಂದವರಿಗೆ ಈ ತಲೆನೋವು ಇರುವುದಿಲ್ಲ.

ಆಮೇಲೆ ವೈಫೈ ಆನ್ ಮಾಡಿದೆ. ಜಿಮೇಲ್ ತನ್ನ ಸೈನ್ ಇನ್ ಕಿಟಕಿ ತೆರೆಯಿತು, ಒಪ್ಪಿಗೆ ಕೊಟ್ಟೆ, ಬಂತು. ಹೊಸದಾಗಿ ಖಾತೆ ಸೇರಿಸುವವರು ದೃಢೀಕರಣದ ಜಾಗದಲ್ಲಿ 'ನಾರ್ಮಲ್ ಪಾಸ್‌ವರ್ಡ್' ಇಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಅನ್ನುತ್ತದೆ. 2022ರ ಮೇ 30ರಿಂದ ಗೂಗಲ್ ಆ ದಾರಿ ಮುಚ್ಚಿದೆ. ಗೂಗಲ್‌ನ ಸೈನ್ ಇನ್ ಕಿಟಕಿಯಿಂದಲೇ ಒಪ್ಪಿಗೆ ಪಡೆಯುವ ಓಆಥ್2 ಆರಿಸಬೇಕು, ಥಂಡರ್‌ಬರ್ಡ್‌ನಲ್ಲಿ ಕುಕೀಸ್ ಆನ್ ಇರಬೇಕು.

ನನ್ನ ಡೊಮೈನಿನ ಖಾತೆ ಮಾತ್ರ ಹಟ ಮಾಡಿತು. ಆ ಸರ್ವರ್ ನಡೆಸುವ ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದೆ. "ಮೇಡಂ, ಪಾಸ್‌ವರ್ಡ್ ರೀಸೆಟ್ ಮಾಡಿ ನೋಡಿ" ಅಂದರು. ನಾನು ಒಪ್ಪಲಿಲ್ಲ. ತೆರೆಯ ಮೇಲೆ ಬಂದ ಸೂಚನೆಯಲ್ಲಿ ಪಾಸ್‌ವರ್ಡಿನ ಮಾತೇ ಇರಲಿಲ್ಲ, ಸರ್ಟಿಫಿಕೇಟ್ (ಸರ್ವರ್ ತಾನು ಯಾರು ಅಂತ ತೋರಿಸುವ ಗುರುತಿನ ಚೀಟಿ) ನಂಬಲಾಗದು ಅಂತ ಇತ್ತು. ಅದೇ ಖಾತೆ ಫೋನಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಅಂದರೆ ಸರ್ವರ್ ಸರಿಯಿದೆ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಹಾಕಿದರೂ ಅದೇ ಸೂಚನೆ, ಅಂದರೆ ಮನೆಯ ಇಂಟರ್ನೆಟ್ಟಿನದೂ ಅಲ್ಲ. ಉಳಿದದ್ದು ಲ್ಯಾಪ್‌ಟಾಪ್. ಸೂಚನೆಯಲ್ಲಿದ್ದ 'ವ್ಯೂ' ಒತ್ತಿ ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ನೋಡಿದೆ. ಲ್ಯಾಪ್‌ಟಾಪ್ ಜೊತೆ ಟ್ರಯಲ್ ಆಗಿ ಬಂದಿದ್ದ ಆಂಟಿವೈರಸ್ಸಿನ ಹೆಸರಿತ್ತು! ಮೇಲ್ ತಪಾಸಣೆ ಮಾಡಲು ಅದು ನನ್ನ ಮತ್ತು ಸರ್ವರಿನ ನಡುವೆ ನಿಂತು ತನ್ನದೇ ಸರ್ಟಿಫಿಕೇಟ್ ತೋರಿಸುತ್ತಿತ್ತು. ಥಂಡರ್‌ಬರ್ಡ್ ನಂಬುವ ಪಟ್ಟಿಯಲ್ಲಿ ಅದು ಇರಲಿಲ್ಲ. ಆ ಮೇಲ್ ತಪಾಸಣೆ ಒಂದನ್ನು ನಿಲ್ಲಿಸಿದೆ. ತಕ್ಷಣ ಮೇಲ್ ಇಳಿಯತೊಡಗಿತು. 'ಎಕ್ಸೆಪ್ಶನ್ ಸೇರಿಸಿ' ಅನ್ನುವ ಬಟನ್ ಅಲ್ಲೇ ಇರುತ್ತದೆ, ಆಸೆ ಹುಟ್ಟಿಸುತ್ತದೆ. ಯಾರ ಸರ್ಟಿಫಿಕೇಟ್ ಅಂತ ನೋಡದೆ ಅದನ್ನು ಒತ್ತಬೇಡಿ.

ಬಹಳ ಹಳೇ ಆವೃತ್ತಿಯಿಂದ ಬರುವವರಿಗೆ ಇನ್ನೊಂದು ಕಾರಣ ಇರಬಹುದು. ಥಂಡರ್‌ಬರ್ಡ್ ಆವೃತ್ತಿ 78ರಿಂದ ಟಿಎಲ್‌ಎಸ್ (ಸರ್ವರಿನ ಜೊತೆಗಿನ ಮಾತನ್ನು ಗುಟ್ಟಾಗಿಡುವ ಪದ್ಧತಿ) 1.0 ಮತ್ತು 1.1 ನಿಂತಿವೆ. ಸರ್ವರ್ ಅಷ್ಟು ಹಳತಾಗಿದ್ದರೆ ಹೋಸ್ಟಿಂಗ್‌ನವರೇ ಸರಿ ಮಾಡಬೇಕು. ಮೇಲ್ ಬರುತ್ತದೆ, ಹೋಗುವುದಿಲ್ಲ ಅಂದರೆ ಔಟ್‌ಗೋಯಿಂಗ್ ಸರ್ವರ್ ನೋಡಿ. ಪೋರ್ಟ್ 25 ಇದ್ದರೆ ಅದನ್ನು 587 ಅಥವಾ 465ಕ್ಕೆ ಬದಲಿಸಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಾಗ ಹಳೇ ಕನ್ನಡ ಮೇಲ್‌ಗಳು ಕಂಡವು. 2010ರ ಆಸುಪಾಸಿನಲ್ಲಿ ಲೇಖಕರು ಹೆಚ್ಚಾಗಿ ನುಡಿ ಫಾಂಟಿನಲ್ಲೇ ಬರೆದು ಕಳಿಸುತ್ತಿದ್ದರು, ಯೂನಿಕೋಡ್ ಕಡಿಮೆ. ಹೊಸ ಲ್ಯಾಪ್‌ಟಾಪಿನಲ್ಲಿ ಅವೆಲ್ಲ ತಲೆ ಮೇಲೆ ಚುಕ್ಕಿ, ಗೀಟು ಇಟ್ಟ ರೋಮನ್ ಅಕ್ಷರಗಳ ರಾಶಿ. ಫೈಲ್ ಹಾಳಾಗಿಲ್ಲ. ಆ ಅಕ್ಷರಗಳನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟ್, ಅದು ಹೊಸ ಯಂತ್ರದಲ್ಲಿ ಇಲ್ಲ, ಅಷ್ಟೇ. ಹಳೇ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತಂದು ಹಾಕಿದೆ. ಥಂಡರ್‌ಬರ್ಡ್‌ನ ಫಾಂಟ್ ಸೆಟ್ಟಿಂಗ್ಸ್‌ನಲ್ಲಿ, ಅಡ್ವಾನ್ಸ್ಡ್ ಒಳಗೆ, 'ಮೆಸೇಜುಗಳು ಬೇರೆ ಫಾಂಟ್ ಬಳಸಲಿ' ಅನ್ನುವುದಕ್ಕೆ ಟಿಕ್ ಇರಬೇಕು. ಅದಿಲ್ಲದೆ ಫಾಂಟ್ ಹಾಕಿದರೂ ಕಾಣುವುದಿಲ್ಲ.

ಬರೀ ಟೆಕ್ಸ್ಟ್ ಆಗಿ ಬಂದ ಮೇಲ್‌ನಲ್ಲಿ ಫಾಂಟಿನ ಹೆಸರೇ ಇರುವುದಿಲ್ಲ. ಅವನ್ನು ವರ್ಡ್‌ಗೆ ಹಾಕಿ ನುಡಿ ಫಾಂಟ್ ಕೊಟ್ಟು ಓದಿದೆ, ಬೇಕಾದ್ದನ್ನು ಕನ್ವರ್ಟರಿನಲ್ಲಿ ಯೂನಿಕೋಡ್ ಮಾಡಿ ಇಟ್ಟುಕೊಂಡೆ. ಸಬ್ಜೆಕ್ಟ್ ಸಾಲಿನದೂ ಇದೇ ಕಥೆ. ಹುಡುಕುವುದಕ್ಕೆ ಒಂದು ಉಪಾಯ ಇದೆ. ಬೇಕಾದ ಪದವನ್ನು ಯೂನಿಕೋಡಿನಿಂದ ನುಡಿಗೆ ತಿರುಗಿಸಿ, ಬರುವ ಆ ವಿಚಿತ್ರ ಅಕ್ಷರಗಳನ್ನೇ ಹುಡುಕಾಟದ ಜಾಗದಲ್ಲಿ ಅಂಟಿಸಿ. ಹಾಗೆ ಹುಡುಕಿದಾಗ ಒಬ್ಬ ಹಿರಿಯ ಲೇಖಕರ ಕವನ ಸಂಕಲನದ ಮೊದಲ ಪ್ರೂಫಿನ ತಿದ್ದುಪಡಿ ಪಟ್ಟಿ ಸಿಕ್ಕಿತು. ಅವರ ಹತ್ತಿರವೂ ಅದರ ಪ್ರತಿ ಉಳಿದಿರಲಿಲ್ಲ. ಯೂನಿಕೋಡ್ ಮಾಡಿ ಕಳಿಸಿಕೊಟ್ಟೆ.

ಹುಡುಕಾಟದಲ್ಲಿ ಹೊಸ ಮೇಲ್ ಸಿಗುತ್ತದೆ, ಹಳೇದು ಸಿಗುವುದಿಲ್ಲ ಅನಿಸಿದರೆ ಥಂಡರ್‌ಬರ್ಡ್ ಮುಚ್ಚಿ ಪ್ರೊಫೈಲಿನಲ್ಲಿರುವ ಗ್ಲೋಬಲ್ ಮೆಸೇಜಸ್ ಡಿಬಿ ಫೈಲ್ ಅಳಿಸಿ, ಅದು ಹುಡುಕಾಟದ ಪರಿವಿಡಿ ಮಾತ್ರ. ಮತ್ತೆ ತೆರೆದಾಗ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮೇಲ್ ಜಾಸ್ತಿ ಇದ್ದರೆ ಹೊತ್ತು ಹಿಡಿಯುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ. ರಾತ್ರಿ ಬಿಟ್ಟು ಮಲಗಬಹುದು.

ಹಳೇ ಕಂಪ್ಯೂಟರನ್ನು ನಾನಿನ್ನೂ ಕೊಟ್ಟಿಲ್ಲ. ಅದರಲ್ಲಿ ಥಂಡರ್‌ಬರ್ಡ್ ತೆರೆಯುವುದಿಲ್ಲ. ತೆರೆದರೆ ಅದೂ ಸರ್ವರಿನಿಂದ ಮೇಲ್ ಇಳಿಸಿಕೊಂಡು, ಹೊಸತು ಎರಡು ಕಡೆ ಹಂಚಿಹೋಗುತ್ತದೆ. ಹೊರಗಿನ ಡಿಸ್ಕಿನ ಪ್ರತಿಯನ್ನೂ ಹಾಗೇ ಇಟ್ಟಿದ್ದೇನೆ. ಎರಡನೇ ಮುದ್ರಣದ ಫೋನ್ ಬರುವುದು ವರ್ಷಕ್ಕೆ ಒಮ್ಮೆಯೋ ಎರಡು ಸಲವೋ. ಯಾವುದಾದರೂ ಫೋಲ್ಡರ್ ಸರಿಯಾಗಿ ಬಂದಿಲ್ಲ ಅಂತ ಗೊತ್ತಾಗುವುದೂ ಆವಾಗಲೇ.